ಗುಂಡಿ ಡಬ್ಬಿಯ ಫೋನುಗಳು

ಅಂಗಡಿಯ ಕಟಿಂಗ್ ಮೇಜಿನಿಂದ
ಗುರುವಾರ, ಮಧ್ಯಾಹ್ನ

ಪ್ರೀತಿಯ ದಾರದುಂಡೆ,

ನಿನ್ನಪ್ಪನ ಹತ್ತೂ ಬೆರಳುಗಳಿಂದ ಆಶೀರ್ವಾದ. ನಾಲಿಗೆಯದು ಎಂದಿನಂತೆ ತಡವಾಗಿ ಬರುತ್ತದೆ, ದಾರಿ ನೋಡುತ್ತಿರು.

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ದಿನವಿಡೀ ಪರದೆ ನೋಡಿ ನೋಡಿ ಕಣ್ಣು ಕೆಂಡದಂತಾಗಿದೆ ಎಂದು ಹೋದ ಸಲ ನಿಮ್ಮಮ್ಮನ ಹತ್ತಿರ ಹೇಳಿದ್ದೆಯಂತೆ. ನಡುನಡುವೆ ಎದ್ದು ಕಿಟಕಿಯಾಚೆ ನೋಡು. ನಿನ್ನ ಆಫೀಸಿಗೆ ಕಿಟಕಿ ಇದೆಯೋ ಇಲ್ಲವೋ ಅದೂ ನಮಗೆ ತಿಳಿಯದು. ಕೇಳಬಾರದು ಅಂದಿದ್ದೀಯ, ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಬರೆಯಲು ನಿಮ್ಮಮ್ಮ ಹೇಳಿದ್ದಾಳೆ, ಬರೆದಿದ್ದೇನೆ. ಅವಳ ಮಂಡಿ ನೋವು ಹಾಗೇ ಇದೆ. ಮಹಡಿ ಹತ್ತಲು ಆಗುವುದಿಲ್ಲ, ಆದರೆ ಕೆಳಗೆ ನಿಂತು ಮಹಡಿಯ ಮೇಲಿರುವ ನನ್ನನ್ನು ಬೈಯುವಷ್ಟು ದನಿ ಇನ್ನೂ ಇದೆ, ಆದ್ದರಿಂದ ನೀನು ಗಾಬರಿಯಾಗಬೇಕಿಲ್ಲ. ನನಗೆ ಏನೂ ಆಗಿಲ್ಲ. ನಿದ್ದೆ ಸ್ವಲ್ಪ ಕಡಿಮೆ, ಅಷ್ಟೇ.

ಈ ಕಾಗದ ನಿನಗೆ ಸಿಕ್ಕಿದೆಯೆಂದರೆ ನಾನು ಹೊಲಿದು ಕಳಿಸಿದ ಕೋಟಿನ ಬೆನ್ನಿನ ಲೈನಿಂಗನ್ನು ಸರಿಯಾದ ಕಡೆಯೇ ಬಿಚ್ಚಿದ್ದೀಯ ಎಂದಾಯಿತು. ನೀನು ಶಾಲೆಗೆ ಹೋಗುವಾಗ ಯೂನಿಫಾರಂ ಜೇಬಿನ ಒಳಪದರದಲ್ಲಿ ಚೀಟಿ ಇಟ್ಟು ಹೊಲಿದು ಕಳಿಸುತ್ತಿದ್ದೆನಲ್ಲ, ನೀನು ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ ಓದುತ್ತಿದ್ದೆಯಲ್ಲ, ಅದನ್ನು ಮರೆತಿರಲಾರೆ ಎಂಬ ಧೈರ್ಯದ ಮೇಲೆ ಕೂತಿದ್ದೇನೆ. ಬೆಳಗ್ಗೆ ಬಾಗಿಲಲ್ಲಿ ನಿಂತು ‘ಹುಷಾರು ಮಗಳೇ’ ಎನ್ನುವಷ್ಟರಲ್ಲಿ ನಿನ್ನ ಬಸ್ಸು ಹೊರಟುಹೋಗುತ್ತಿತ್ತು. ಅದಕ್ಕೇ ಆ ಚೀಟಿಗಳು. ಕಾಗದದ ಮೇಲೆ ನಾನು ಉಗ್ಗುವುದಿಲ್ಲ. ಅದಕ್ಕೇ ನೋಡು, ಕಾಗದ ಸಿಕ್ಕಿದರೆ ನನ್ನನ್ನು ಹಿಡಿಯುವವರೇ ಇಲ್ಲ, ಅಡ್ಡಾದಿಡ್ಡಿ ಹರಟುತ್ತೇನೆ.

ಫೋನ್ ಮಾಡಬಹುದಿತ್ತು. ಮಾಡಿದರೆ ನಾನು ‘ಹ... ಹ...’ ಎನ್ನುವುದನ್ನು ನೀನೊಬ್ಬಳೇ ಕೇಳುತ್ತೀಯೋ, ಇನ್ನೂ ನಾಲ್ಕು ಜನ ಕೇಳುತ್ತಾರೋ ಎಂಬ ಗುಮಾನಿ ಈಗ. ಅಂಚೆಯ ಮೇಲೂ ನಂಬಿಕೆಯಿಲ್ಲ. ನಿನ್ನ ಸೋದರಮಾವನ ಲಾರಿ ನಾಳೆ ನಿನ್ನ ಕಡೆ ಹೊರಡುತ್ತದೆ, ಅದರಲ್ಲಿ ಕಳಿಸುತ್ತಿದ್ದೇನೆ. ಸ್ವಂತ ಮಗಳಿಗೆ ಒಂದು ಕಾಗದ ಬರೆಯಲು ಅಂಗಡಿಯ ಶಟರು ಅರ್ಧ ಇಳಿಸಿ ಕಳ್ಳನ ಹಾಗೆ ಕೂತಿದ್ದೇನಲ್ಲ ಎಂದು ನೆನೆದರೆ ಮೈಯೆಲ್ಲ ಉರಿಯುತ್ತದೆ. ಹೀಗೆ ಕೂತವನನ್ನು ಹೊರಗಿನಿಂದ ಯಾರಾದರೂ ನೋಡಿದರೆ ಇವನು ಖಂಡಿತ ಏನೋ ಕಿತಾಪತಿ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಬಚ್ಚಿಡಲು ಏನೂ ಇಲ್ಲದವನೂ ಬಚ್ಚಿಟ್ಟುಕೊಳ್ಳುವುದನ್ನು ಕಲಿಯುತ್ತಿದ್ದಾನೆ, ನೋಡು.

ವಿಷಯಕ್ಕೆ ಬರುತ್ತೇನೆ. ಅನೌನ್ಸರ್‌ನನ್ನು ಹಿಡಿದುಕೊಂಡು ಹೋಗಿದ್ದಾರೆ.

ಯಾವ ಅನೌನ್ಸರ್ ಎಂದು ನಿನಗೆ ಹೇಳಬೇಕಿಲ್ಲ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಇಡೀ ಊರಿಗೆ ಹೇಳುವ ಮನುಷ್ಯ. ಮೈಕಿನ ಮುಂದೆ ಎಣ್ಣೆ ಹಾಕಿದ ಯಂತ್ರದ ಹಾಗೆ ಮಾತಾಡುತ್ತಾನೆ. ಗೂಡಿನಿಂದ ಇಳಿದು ಎದುರಿನ ಅಂಗಡಿಯಲ್ಲಿ ಟೀ ಕೇಳಲು ನಿಂತರೆ ಮಾತ್ರ ಅವನ ಕಥೆಯೂ ನನ್ನ ಕಥೆಯೂ ಒಂದೇ. ಅವನಿಗೆ ಉಗ್ಗಿದೆ ಎಂಬುದು ಬಸ್ ಕಂಪನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದರೆ ಮೈಕು ಕಸಿದುಕೊಂಡು ಟಿಕೆಟ್ ಲೆಕ್ಕಕ್ಕೆ ಕೂರಿಸುತ್ತಾರೆ ಎಂಬ ಭಯ ಅವನಿಗೆ. ಅದು ಸುಳ್ಳು ಭಯವೂ ಅಲ್ಲ.

ನಮ್ಮ ಬುಧವಾರದ ಕೂಟವನ್ನು ನೀನು ನೋಡಿದ್ದೀಯ. ಅಂಗಡಿಗೆ ರಜೆ, ಒಳಗೆ ಈ ಕಟಿಂಗ್ ಮೇಜಿನ ಸುತ್ತ ಸ್ಟೂಲುಗಳು, ಉಗ್ಗುವವರೆಲ್ಲ ಸೇರಿ ಒಂದು ಗಂಟೆ ಮಾತಾಡುವುದು. ಇರುವುದು ಎರಡೇ ನಿಯಮ. ಒಂದು, ಬಾಗಿಲಲ್ಲೇ ಫೋನ್ ಆಫ್ ಮಾಡಿ ಗುಂಡಿ ಡಬ್ಬಿಗೆ ಹಾಕಬೇಕು. ಲೆಕ್ಕದ ಟೀಚರಮ್ಮನಿಗೆ ಆದದ್ದು ನಿನಗೆ ನೆನಪಿರಬೇಕು. ಪಾಠ ಮಾಡುವಾಗ ಒಂದು ಮಾತಿನಲ್ಲಿ ಆಕೆ ಸಿಕ್ಕಿಹಾಕಿಕೊಂಡದ್ದನ್ನು ಮಕ್ಕಳು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು, ಆಕೆ ಒಂದು ತಿಂಗಳು ಮನೆಬಿಟ್ಟು ಹೊರಗೆ ಬಂದಿರಲಿಲ್ಲ. ಆವತ್ತಿನಿಂದ ಈ ಡಬ್ಬಿ. ಎರಡನೆಯ ನಿಯಮ, ಯಾರ ಮಾತನ್ನೂ ಯಾರೂ ಪೂರ್ತಿ ಮಾಡಬಾರದು. ಅವನು ಏನು ಹೇಳುತ್ತಾನೆಂದು ಎದುರಿನವನಿಗೆ ಗೊತ್ತಾಗಿದ್ದರೂ ಸರಿ, ಬಾಯಿ ಮುಚ್ಚಿಕೊಂಡು ಕಾಯಬೇಕು. ನಿಮ್ಮಮ್ಮ ಒಂದು ಸಲ ಟೀ ಕೊಡಲು ಬಂದವಳು ಹಲ್ಲಿನ ಡಾಕ್ಟರ ಮಾತನ್ನು ಪೂರ್ತಿ ಮಾಡಿಬಿಟ್ಟಳು, ಎಲ್ಲರೂ ಅವಳನ್ನು ದುರುಗುಟ್ಟಿ ನೋಡಿದ್ದರು. ಅವಳು ಇವತ್ತಿಗೂ ಅದನ್ನು ಹೇಳಿ ಮೂತಿ ತಿರುಗಿಸುತ್ತಾಳೆ. ‘ನಾನು ಹೇಳ್ದೆ ಇದ್ದಿದ್ರೆ ಟೀ ತಣ್ಣಗಾಗಿ ಹೋಗ್ತಿತ್ತು’ ಅನ್ನುತ್ತಾಳೆ.

ಒಂದು ಗಳಿಗೆ. ಯಾರೋ ಶಟರು ಬಡಿದರು.

ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಳ್ಳಲು ಬಂದವನು, ನಾಳೆ ಬಾ ಎಂದು ಕಳಿಸಿದೆ. ಶಟರು ಎತ್ತುವ ಮೊದಲು ಈ ಹಾಳೆಗಳನ್ನು ಬಟ್ಟೆಯ ಕೆಳಗೆ ತುರುಕಿದ್ದೆ. ಈಗೀಗ ಬಾಗಿಲು ಬಡಿದರೆ ಸಾಕು, ಹೀಗೇ ಆಗುತ್ತದೆ.

ಅನೌನ್ಸರ್ ವಿಷಯ. ನಿಲ್ದಾಣಕ್ಕೆ ಇಬ್ಬರು ಬಂದು ಗೂಡಿನ ಬಾಗಿಲು ತಟ್ಟಿ ಮೊದಲು ಕೇಳಿದ್ದೇ ‘ನಿಮ್ಮ ಹೆಸರೇನು’ ಎಂದು. ಅಲ್ಲಿಗೆ ಮುಗಿಯಿತು. ನಮ್ಮಂಥವರಿಗೆ ಲೋಕದಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು ನಮ್ಮ ಹೆಸರೇ. ಬೇರೆ ಯಾವ ಮಾತು ಗಂಟಲಲ್ಲಿ ಸಿಕ್ಕಿಕೊಂಡರೂ ಪಕ್ಕದಲ್ಲಿ ಇನ್ನೊಂದು ಮಾತು ಇರುತ್ತದೆ, ಹಾರಿಕೊಳ್ಳಬಹುದು. ಹೆಸರಿಗೆ ಬದಲಿ ಎಲ್ಲಿದೆ? ಅದಕ್ಕೆ ನಮ್ಮಲ್ಲಿ ಅರ್ಧ ಜನ ಒಂದು ಸುಲಭದ ಹೆಸರು ಇಟ್ಟುಕೊಂಡಿರುತ್ತೇವೆ. ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ಕೇಳಿದಾಗ ಅದನ್ನೇ ಹೇಳಿಬಿಡುವುದು, ಯಾರಿಗೇನು ನಷ್ಟ? ನಾನೂ ಹದಿನಾರು ವರ್ಷ ಒಬ್ಬ ಕ್ಷೌರಿಕನಿಗೆ ಬೇರೆಯೇ ಹೆಸರಿನ ಮನುಷ್ಯನಾಗಿದ್ದೆ. ಅವನು ನಮ್ಮ ಮನೆಗೆ ಬಂದು ಆ ಹೆಸರಿನಲ್ಲಿ ಕೂಗಿದಾಗ ನಿಮ್ಮಮ್ಮ ‘ಅಂಥವ್ರು ಯಾರೂ ಇಲ್ಲಿಲ್ಲ’ ಎಂದು ಅಟ್ಟಿದ್ದಳು. ಅನೌನ್ಸರ್ ಕೂಡ ಅಭ್ಯಾಸಬಲದಿಂದ ಆ ಇಬ್ಬರಿಗೆ ತನ್ನ ಸುಲಭದ ಹೆಸರನ್ನು ಹೇಳಿದ. ಅವರ ಕೈಯಲ್ಲಿ ಅವನ ಫೋಟೋ, ಅವನ ನಿಜವಾದ ಹೆಸರು ಎರಡೂ ಇದ್ದವು. ಭದ್ರತೆಯವರಿಗೆ ಸುಳ್ಳು ಹೆಸರು ಕೊಟ್ಟವನನ್ನು ಅವರು ಇನ್ನೇನು ಮಾಡುತ್ತಾರೆ ಹೇಳು. ಅವರನ್ನೂ ಪೂರ್ತಿ ಬೈಯಲು ನನಗೆ ಬಾಯಿ ಬರುತ್ತಿಲ್ಲ.

ಅವರು ಬಂದದ್ದು ಯಾಕೆಂದರೆ, ಬುಧವಾರ ಬುಧವಾರ ಒಂದೇ ಕಡೆ, ಒಂದೇ ಹೊತ್ತಿಗೆ ಇಷ್ಟೊಂದು ಫೋನುಗಳು ಆಫ್ ಆಗುವುದನ್ನು ಯಾವುದೋ ಯಂತ್ರ ಕಂಡುಹಿಡಿಯಿತಂತೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ. ಹಲ್ಲಿನ ಡಾಕ್ಟರ್, ಟೀಚರ್, ಎಲೆಕ್ಟ್ರಿಷಿಯನ್, ಬಸ್ ನಿಲ್ದಾಣದವನು, ಒಬ್ಬ ದರ್ಜಿ. ಯಂತ್ರಕ್ಕೆ ಗುಂಡಿ ಡಬ್ಬಿ ಕಾಣುತ್ತದೆಯೇ? ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಫೋನು ಸಾಯುತ್ತದೆ, ಗಂಟೆಯ ನಂತರ ಬದುಕುತ್ತದೆ. ಅದರಲ್ಲೂ ಒಬ್ಬನು ದಿನಕ್ಕೆ ಸಾವಿರಾರು ಜನ ಓಡಾಡುವ ನಿಲ್ದಾಣದಲ್ಲಿ ಕೆಲಸ ಮಾಡುವವನು. ನಾನೇ ಆ ಯಂತ್ರವಾಗಿದ್ದರೂ ಹುಬ್ಬೇರಿಸುತ್ತಿದ್ದೆ.

ಅವನ ಹೆಂಡತಿ ಮಾರನೆಯ ಬೆಳಗ್ಗೆ ಅಂಗಡಿಗೆ ಬಂದಳು. ಅವಳ ಕೈಯಲ್ಲಿ ನಾಲ್ಕು ದಿಂಬಿನ ಕವರುಗಳು. ಏನೆಂದರೆ, ಆ ಪುಣ್ಯಾತ್ಮ ಮನೆಯಲ್ಲಿ ಬುಧವಾರ ಹೊಲಿಗೆ ಕಲಿಯಲು ಹೋಗುತ್ತೇನೆ ಎಂದು ಹೇಳಿದ್ದ, ಸಾಕ್ಷಿಗೆಂದು ನನ್ನಿಂದ ಆಗಾಗ ಒಂದು ಕವರು ಹೊಲಿಸಿಕೊಂಡು ಹೋಗುತ್ತಿದ್ದ. ಅವನದೆಂದು ನಂಬಲಿ ಅಂತ ನಾನೂ ಸ್ವಲ್ಪ ಸೊಟ್ಟಗೇ ಹೊಲಿದು ಕೊಡುತ್ತಿದ್ದೆ. ವಿಚಾರಣೆಯವರು ಕೇಳಿದಾಗ ಅವಳು ಹೊಲಿಗೆ ಕ್ಲಾಸು ಎಂದು ಹೇಳಿದ್ದಾಳೆ. ಅವನ ಬಾಯಲ್ಲಿ ಹೊಲಿಗೆಯ ಮಾತೇ ಬಂದಿಲ್ಲ. ಗಂಡ ಹೆಂಡತಿಯ ಮಾತು ತಾಳೆಯಾಗಲಿಲ್ಲ. ಅವಳು ಕವರುಗಳನ್ನು ಈ ಮೇಜಿನ ಮೇಲೆ ಹರಡಿ ‘ಇಲ್ಲಿ ಏನ್ ನಡೀತಿತ್ತು ಹೇಳಿ, ನನ್ ಹತ್ರ ಉಗ್ಗೋಕೆ ಅವರಿಗೇನು ನಾಚಿಕೆ? ನಾನೇನು ಹೊರಗಿನವಳಾ?’ ಎಂದು ಅತ್ತಳು. ಅವಳಿಗೆ ಅವನ ಉಗ್ಗು ಗೊತ್ತು, ಮದುವೆಯಾದಂದಿನಿಂದ ಗೊತ್ತು. ಅದನ್ನು ಸರಿಮಾಡಿಕೊಳ್ಳಲು ಅವನು ಎಲ್ಲೋ ಹೋಗಿ ಕೂರುತ್ತಾನೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೆಂಡತಿಯ ಹತ್ತಿರವೂ ಮುಚ್ಚಿಟ್ಟುಕೊಳ್ಳುವಂಥದ್ದು ಮನುಷ್ಯನಿಗೆ ಒಂದಿರುತ್ತದೆ. ಅದರಲ್ಲಿ ಬಾಂಬು ಇರಬೇಕೆಂದೇನೂ ಇಲ್ಲ.

ಇದನ್ನು ನಾನು ಮನೆಯಲ್ಲಿ ಹೇಳಿದೆನೋ ಇಲ್ಲವೋ, ನಿನ್ನ ಸೋದರತ್ತೆ ನನ್ನ ಮೇಲೆ ಹರಿಹಾಯ್ದಳು. ನನ್ನ ಬೆನ್ನಿಗೆ ಹುಟ್ಟಿದ ತಂಗಿ, ಅವಳಿಗೆ ನಾನು ತಿರುಗಿ ಏನನ್ನಲಿ? ಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದ ದಿನ ತರಕಾರಿ ಚೀಲ ಹಿಡಿದು ನಿಂತಿದ್ದವಳು ಅವಳು. ಅವಳ ಎಡಗಿವಿ ಅಲ್ಲೇ ಉಳಿಯಿತು. ‘ಒಬ್ಬನೇ ಒಬ್ಬ ಅವತ್ತು ಆ ಚೀಲದವ್ನ ಮೇಲೆ ಕಣ್ಣಿಟ್ಟಿದ್ರೆ ನನ್ ಕಿವಿ ಇರ್ತಿತ್ತು, ನಿನ್ ಡಬ್ಬಿ ನೋಡಿದ್ರೆ ಏನು ಗಂಟು ಹೋಗುತ್ತೆ’ ಎಂದಳು. ಹೌದಲ್ಲ ಅನ್ನಿಸಿತು. ಬೆಳಗ್ಗೆ ನಾನು ಅವಳ ಪಕ್ಷ. ಸಂಜೆ ಅನೌನ್ಸರ್ ಹೆಂಡತಿಯ ಮುಖ ನೆನಪಾದರೆ ಪಕ್ಷಾಂತರ. ನಡುವೆ ಹೊಲಿಗೆ ಯಂತ್ರದ ಮುಂದೆ ಕೂತರೆ ಪೆಡಲು ತುಳಿಯುವ ಕಾಲು ನಿಲ್ಲುವುದೇ ಇಲ್ಲ, ಒಂದು ಕಾಲರನ್ನು ತಿರುವುಮುರುವಾಗಿ ಹೊಲಿದುಬಿಟ್ಟೆ. ಎಷ್ಟು ವರ್ಷದ ಮೇಲೆ ಅಂಥ ತಪ್ಪು!

ನೀನು ಈ ಕಣ್ಗಾವಲಿನ ಕೆಲಸಕ್ಕೆ ಸೇರಿದಾಗ ನಾವಿಬ್ಬರೂ ಊಟದ ಮೇಜಿನಲ್ಲಿ ವಾದ ಮಾಡಿದ್ದು ನೆನಪಿದೆಯೇ? ‘ತಪ್ಪು ಮಾಡ್ದೇ ಇರೋರು ಯಾಕಪ್ಪ ಹೆದರ್ಬೇಕು’ ಎಂದಿದ್ದೆ ನೀನು. ನನಗೆ ಆಗ ಉತ್ತರ ಹೊಳೆದಿತ್ತು, ಬಾಯಿಗೆ ಬರುವಷ್ಟರಲ್ಲಿ ನೀನು ಎದ್ದು ಕೈತೊಳೆಯಲು ಹೋಗಿದ್ದೆ. ಈಗ ಬರೆಯುತ್ತೇನೆ, ಕೇಳು. ನನ್ನ ಹತ್ತಿರ ಈ ಊರಿನ ಅರ್ಧ ಜನರ ಮೈಯಳತೆ ಇದೆ. ಯಾರ ಒಂದು ಭುಜ ತಗ್ಗು, ಯಾರ ಹೊಟ್ಟೆ ವರ್ಷಕ್ಕೆ ಎಷ್ಟು ಮುಂದೆ ಬಂತು, ಯಾರು ಕೋಟಿನ ಒಳಗೆ ಹತ್ತಿ ತುಂಬಿಸಿಕೊಂಡು ಎದೆ ಉಬ್ಬಿಸಿ ಓಡಾಡುತ್ತಾರೆ, ಎಲ್ಲ ಗೊತ್ತು. ಅವರು ಯಾರೂ ತಪ್ಪು ಮಾಡಿದವರಲ್ಲ. ಆದರೂ ನಾನು ಅದನ್ನು ಬಾಯಿಬಿಟ್ಟರೆ ಈ ಅಂಗಡಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಅವರು ನನ್ನ ಮುಂದೆ ಕೈಯೆತ್ತಿ ನಿಲ್ಲುವುದು ಟೇಪು ಅವರ ಕಣ್ಣಿಗೆ ಕಾಣಿಸುತ್ತದೆ ಎಂಬ ಕಾರಣಕ್ಕೆ. ಬೀದಿಯಲ್ಲಿ ಹೋಗುವವನ ಅಳತೆಯನ್ನು ಅವನಿಗೆ ಗೊತ್ತಿಲ್ಲದೆ ಕಿಟಕಿಯಿಂದ ತೆಗೆದರೆ ಅದು ದರ್ಜಿಯ ಕೆಲಸ ಆಗುವುದಿಲ್ಲ. ಇಷ್ಟೇ ನನ್ನ ಉತ್ತರ. ಚೆನ್ನಾಗಿದೆ ಅಲ್ಲವೇ? ಆದರೆ ಇದನ್ನು ನಿನ್ನ ಸೋದರತ್ತೆಯ ಎಡಗಿವಿಗೆ ಹೇಳಲಾರೆ.

ಅನೌನ್ಸರ್‌ನನ್ನು ಇಟ್ಟಿರುವ ವಿಚಾರಣೆ ಆಫೀಸಿಗೆ ನಾನು ಹೋದೆ. ಅಲ್ಲಿ ಒಬ್ಬ ಮೇಡಂ. ನಿನ್ನ ವಯಸ್ಸಿಗಿಂತ ಸ್ವಲ್ಪ ಹೆಚ್ಚು ಇರಬೇಕು, ತೋಳಿನ ಬಳಿ ಯೂನಿಫಾರಂ ಸಡಿಲ, ಯಾರೋ ಕೆಟ್ಟದಾಗಿ ಹೊಲಿದಿದ್ದಾರೆ. ಕೆಟ್ಟವಳಲ್ಲ. ಕುರ್ಚಿ ಕೊಟ್ಟಳು, ನೀರು ತರಿಸಿದಳು. ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಮುಂದಿಟ್ಟೆ. ಓದಿದಳು. ಆಮೇಲೆ ತನ್ನ ಕಂಪ್ಯೂಟರಿನಲ್ಲಿ ಅನೌನ್ಸರ್‌ನ ದನಿ ಕೇಳಿಸಿದಳು. ಬಸ್ಸುಗಳ ಹೆಸರು, ಅಂಕಣ, ಹೊರಡುವ ಹೊತ್ತು, ಒಂದು ಕಡೆಯೂ ತಡೆಯಿಲ್ಲ. ‘ಇಷ್ಟು ಸಲೀಸಾಗಿ ಮಾತಾಡೋನು ನನ್ನೆದುರಿಗೆ ಮಾತ್ರ ಯಾಕೆ ತಡವರಿಸ್ತಾನೆ, ನಾಟಕ ಅಲ್ವಾ?’ ಎಂದಳು. ಮೈಕಿನ ಮುಂದೆ ಎದುರಿಗೆ ಯಾರೂ ಇರುವುದಿಲ್ಲ ತಾಯಿ, ಯಾರೂ ಅವನ ಬಾಯಿ ನೋಡುತ್ತಾ ಕಾಯುವುದಿಲ್ಲ, ಎಂದು ನಾನು ಹೇಳಲು ಹೊರಟೆ. ‘ಮೈ’ ಎನ್ನುವುದರಲ್ಲೇ ನಿಂತೆ. ಆಕೆ ‘ಮೈಗೆ ಹುಷಾರಿಲ್ವಾ?’ ಎಂದಳು. ಮತ್ತೆ ಶುರುಮಾಡಿದೆ, ಮತ್ತೆ ಆಕೆಯೇ ಮುಗಿಸಿದಳು. ಎದುರಿನವರು ಕಷ್ಟಪಡುವುದನ್ನು ನೋಡಲಾರದ ಒಳ್ಳೆಯ ಹೆಂಗಸು. ಅಲ್ಲೇ ನನಗೆ ಭಯವಾದದ್ದು. ಅನೌನ್ಸರ್‌ನ ಹೇಳಿಕೆ ಹೇಗೆ ತಯಾರಾಗಿರಬಹುದೆಂದು ಅರ್ಥವಾಯಿತು. ಆಕೆ ಮಾತು ಮುಗಿಸುತ್ತಾ ಹೋಗಿದ್ದಾಳೆ, ಅವನು ಒಮ್ಮೆ ಇದು ಮುಗಿದರೆ ಸಾಕೆಂದು ತಲೆಯಾಡಿಸುತ್ತಾ ಹೋಗಿದ್ದಾನೆ. ಯಾರೋ ದೊಡ್ಡವರು ಕರೆಯುತ್ತಿದ್ದರು, ಯಾಕೆಂದು ಕೇಳಬಾರದು ಎಂದಿದ್ದರು ಎಂಬುದೆಲ್ಲ ಅವನ ಹೇಳಿಕೆಯಲ್ಲಿದೆಯಂತೆ. ದೇವರೇ, ಅವನು ‘ದ... ದ...’ ಎಂದು ಹೇಳಲು ಹೊರಟದ್ದು ದರ್ಜಿ ಎಂದಿರಬೇಕು!

ಬರೆದುಕೊಟ್ಟದ್ದು ನಡೆಯುವುದಿಲ್ಲ, ಕೂಟದವರೆಲ್ಲ ಬಂದು ಕ್ಯಾಮೆರಾ ಮುಂದೆ ಬಾಯಲ್ಲೇ ಹೇಳಬೇಕು, ಹೆಸರು, ಕೆಲಸ, ಯಾಕೆ ಬರುತ್ತಿದ್ದಿರಿ ಎಂಬುದು, ಎಂದಳು. ಯೋಚನೆ ಮಾಡು. ಯಾವುದು ಬೇಡವೆಂದು ವರ್ಷಗಟ್ಟಲೆ ಡಬ್ಬಿಯ ಮುಚ್ಚಳ ಹಾಕಿದೆವೋ ಅದನ್ನೇ ಕೇಳಿದಳು. ನಾನು ಕಾಲಿಗೆ ಚಕ್ರ ಕಟ್ಟಿಕೊಂಡು ಒಬ್ಬೊಬ್ಬರ ಮನೆಗೂ ಹೋದೆ. ಎಲೆಕ್ಟ್ರಿಷಿಯನ್‌ಗೆ ಮದುವೆ ನಿಶ್ಚಯವಾಗಿದೆ, ಹುಡುಗಿಯ ಮನೆಯವರು ಅವನನ್ನು ಮಿತಭಾಷಿ, ಗಂಭೀರ ಎಂದುಕೊಂಡು ಒಪ್ಪಿದ್ದಾರೆ. ಪಾಪ, ಅವನ ಮುಖ ಬಿಳಿಚಿಹೋಯಿತು. ಹಲ್ಲಿನ ಡಾಕ್ಟರು ಬರುವುದಿಲ್ಲ ಎಂದೇಬಿಟ್ಟರು. ಅವರು ಆ ವೃತ್ತಿ ಹಿಡಿದದ್ದೇ ಎದುರಿನವರು ಬಾಯಿ ತೆರೆದು ಕೂತಿರುತ್ತಾರೆ, ಯಾರೂ ಮಾತಾಡುವಂತಿಲ್ಲ ಎಂಬ ಕಾರಣಕ್ಕೆ ಎಂದು ನಾವೆಲ್ಲ ನಗುತ್ತಿದ್ದೆವಲ್ಲ. ಟೀಚರಮ್ಮ ಮಾತ್ರ, ನನ್ನದು ಹೇಗೂ ಊರೆಲ್ಲ ನೋಡಿಯಾಗಿದೆ, ನಾನು ಬರುತ್ತೇನೆ, ಎಂದರು. ನಾನು ಯಾರಿಗೂ ಒತ್ತಾಯ ಮಾಡಲಿಲ್ಲ. ಮಾಡಬೇಕು ಅನ್ನಿಸುತ್ತಿತ್ತು, ಕೈ ಮುಗಿದು ಕಾಲು ಹಿಡಿಯಬೇಕು ಅನ್ನಿಸುತ್ತಿತ್ತು. ಬಸ್ ನಿಲ್ದಾಣದಲ್ಲಿ ಈಗ ಯಾವುದೋ ಹೆಂಗಸಿನ ಮುದ್ರಿಸಿದ ದನಿ ಹಾಕಿದ್ದಾರೆ, ಬಸ್ಸು ಹೊರಟುಹೋದ ಮೇಲೂ ಅದು ಬರುತ್ತಿದೆ ಬರುತ್ತಿದೆ ಎನ್ನುತ್ತಿರುತ್ತದೆ. ಅದನ್ನು ಕೇಳಿಸಿಕೊಂಡು ಅಲ್ಲಿಂದ ಹಾದು ಬರಲು ನನಗೆ ಆಗುತ್ತಿಲ್ಲ.

ನಿನ್ನೆ ಬುಧವಾರ. ಅಂಗಡಿಯಲ್ಲಿ ಸೇರುವ ಹೊತ್ತಿಗೆ ಆಫೀಸಿನ ಬಾಗಿಲಲ್ಲಿ ಸೇರಿದೆವು. ಎಲ್ಲರೂ ಬಂದಿದ್ದರು, ನಂಬುತ್ತೀಯಾ! ಡಾಕ್ಟರು ಮುಖಕ್ಕೆ ಹಸಿರು ಮಾಸ್ಕ್ ಹಾಕಿಕೊಂಡು ಬಂದಿದ್ದರು, ಒಳಗೆ ಹೋಗುವಾಗ ತಾವೇ ತೆಗೆದು ಜೇಬಿಗೆ ಹಾಕಿದರು. ನಾನು ಒಂದು ಚೀಟಿ ಬರೆದು ಮೇಡಂ ಮುಂದಿಟ್ಟೆ: ‘ದಯವಿಟ್ಟು ನಮ್ಮ ಮಾತನ್ನು ಪೂರ್ತಿ ಮಾಡಬೇಡಿ.’ ಆಕೆ ಓದಿ, ನನ್ನನ್ನು ನೋಡಿ, ಸರಿ ಎಂದಳು. ಕೆಂಪು ದೀಪ ಹತ್ತಿತು. ಮಗಳೇ, ಅದನ್ನು ನೀನು ನೋಡಬೇಕಿತ್ತು. ಎಲೆಕ್ಟ್ರಿಷಿಯನ್ ತನ್ನ ಹೆಸರಿನ ಮೊದಲ ಅಕ್ಷರದಲ್ಲೇ ನಿಂತ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿಹೋಯಿತು. ಮೇಡಂ ಮುಂದೆ ಬಾಗಿದಳು, ಬಾಯಿ ತೆರೆದಳು, ಆಮೇಲೆ ತನ್ನ ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡಳು. ಕ್ಯಾಮೆರಾದವನು ನಡುವೆ ಬ್ಯಾಟರಿ ಬದಲಿಸಿದ. ಕೊನೆಗೆ ಹೆಸರು ಬಂತು. ಬಂದಾಗ ಅವನು ನಕ್ಕುಬಿಟ್ಟ, ನಾವೂ ನಕ್ಕೆವು. ನನಗೆ ಅಳು ಬಂತು, ಮುಚ್ಚುಮರೆ ಯಾಕೆ. ನನ್ನ ಸರದಿಯಲ್ಲಿ ಗೋಡೆ ಗಡಿಯಾರದ ಮುಳ್ಳು ಎಷ್ಟು ಸರಿಯಿತೋ ನಾನು ನೋಡಲಿಲ್ಲ.

ಎಲ್ಲ ಮುಗಿದ ಮೇಲೆ ಆಕೆ ಹಳೆಯ ಹೇಳಿಕೆಯ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು. ಸುಳ್ಳು ಹೆಸರು ಯಾಕೆಂದು ಈಗ ಅರ್ಥವಾಯಿತು, ಹೇಳಿಕೆಯನ್ನು ನಾನೇ ಹೊಸದಾಗಿ ತೆಗೆದುಕೊಳ್ಳುತ್ತೇನೆ, ಎಂದಳು. ನನಗೆ ಹೋದ ಜೀವ ಬಂದ ಹಾಗಾಗಿತ್ತು ನೋಡು, ಅಷ್ಟರಲ್ಲಿ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಮೂರು ತಿಂಗಳ ಹಿಂದಿನ ಒಂದು ಬುಧವಾರ, ಡಬ್ಬಿಯಲ್ಲಿ ಒಂದು ಫೋನು ಹೆಚ್ಚಿದೆ. ಆ ನಂಬರಿಗೆ ಹೆಸರಿಲ್ಲ. ಆಕೆಯ ಮೇಲಿನವರಿಗೂ ಹೆಸರು ಕಾಣಿಸುವುದಿಲ್ಲವಂತೆ, ಎಲ್ಲಿಂದಲೋ ಮುಚ್ಚಿಟ್ಟಿದ್ದಾರೆ. ‘ಹೆಸರಿಲ್ಲದ ಫೋನು ಬಂದು ಹೋದ ಕೂಟ ಇದು. ಇದೊಂದು ಗೊತ್ತಾಗದೆ ನಾನು ಅವನನ್ನ ಬಿಡೋ ಹಾಗಿಲ್ಲ. ಬರೋ ಬುಧವಾರ ಅವನನ್ನ ರಾಜಧಾನಿಗೆ ಕಳಿಸ್ಬೇಕು, ಆಮೇಲೆ ನನ್ನ ಕೈಲಿ ಏನೂ ಇರಲ್ಲ’ ಎಂದಳು. ಟೀಚರಮ್ಮ ಚಾವಣಿ ನೋಡಿದರು. ಡಾಕ್ಟರು ತಮ್ಮ ಬೂಟು ನೋಡಿದರು. ಎಲ್ಲರಿಗೂ ಗೊತ್ತಿತ್ತು. ‘ನಿಮಗೆ ಗೊತ್ತಾ?’ ಎಂದು ನನ್ನನ್ನೇ ಕೇಳಿದಳು. ಗೊತ್ತು ಎಂದೆ. ಯಾರು ಎಂದಳು. ಅವರ ಹೆಸರನ್ನು ಅವರೇ ಹೇಳಬೇಕು ಎಂದೆ. ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಹೊರಗೆ ಬರುವಾಗ ಒಂದು ಬಾಗಿಲು ತೆರೆದಿತ್ತು, ಬೆಂಚಿನ ಮೇಲೆ ಅನೌನ್ಸರ್ ಕೂತಿದ್ದ. ಗಡ್ಡ ಬಂದಿದೆ. ನನ್ನನ್ನು ಕಂಡು ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ನಾನು ಕಾಯುತ್ತಾ ನಿಂತೆ. ಅವರು ಬಾಗಿಲು ಹಾಕಿಬಿಟ್ಟರು. ಅವನು ಏನು ಹೇಳಲು ಹೊರಟಿದ್ದ ಎಂದು ಮನಸ್ಸಿನಲ್ಲಿಯೂ ನಾನು ಪೂರ್ತಿ ಮಾಡಿಕೊಂಡಿಲ್ಲ.

ಇಷ್ಟು ಸಮಾಚಾರ. ಕೋಟಿನ ತೋಳು ಸ್ವಲ್ಪ ಉದ್ದವೇ ಬಿಟ್ಟಿದ್ದೇನೆ, ಅಲ್ಲಿ ಚಳಿ ಹೆಚ್ಚು ಎಂದಿದ್ದೆಯಲ್ಲ. ಗುಂಡಿಗಳು ಆ ಡಬ್ಬಿಯಿಂದಲೇ ಆರಿಸಿದ್ದು, ಕಾಜಾ ಕೈಯಲ್ಲೇ ಹೊಲಿದಿದ್ದೇನೆ. ನಿಮ್ಮಮ್ಮ ಮುತ್ತು ಕಳಿಸಿದ್ದಾಳೆ. ಸೋದರತ್ತೆ ಆಶೀರ್ವಾದ ಹೇಳಿದ್ದಾಳೆ, ನಿನ್ನ ಇಲಾಖೆಯವರಿಗೂ ಸೇರಿಸಿ ಹೇಳಿದ್ದಾಳೆ, ಅವಳು ಹಾಗೆಯೇ. ಕಣ್ಣು ಜೋಪಾನ. ನಿನಗೆ ಒಳ್ಳೆಯದಾಗಲಿ, ನಿನ್ನ ಬೆನ್ನಿಗೆ ಈ ಕೋಟು ಬೆಚ್ಚಗೆ ಕೂರಲಿ.

ಎಂದೆಂದಿಗೂ ನಿನ್ನ,
ಅಪ್ಪ

ತಾ.ಕ.: ಸೂಜಿಗೆ ದಾರ ಪೋಣಿಸಿ ಹೊಲಿಯಲು ಕೂತವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಮಾವ ನಾಳೆಯ ಬದಲು ಇವತ್ತೇ ಹೊರಟಿದ್ದಾನೆ, ಲಾರಿ ಹೊರಗೆ ಹಾರ್ನ್ ಹೊಡೆಯುತ್ತಿದೆ. ಆ ಫೋನು ನಿನ್ನದು. ರಜೆಗೆ ಬಂದಾಗ ‘ಸುಮ್ನೆ ನಿಮ್ ಜೊತೆ ಕೂತ್ಕೊತೀನಿ’ ಎಂದು ಒಳಗೆ ಬಂದೆ. ಇಲಾಖೆಯ ಫೋನು ಆಫ್ ಮಾಡಬಾರದಲ್ಲವೇ ಎಂದು ಕೇಳಿದರೆ ‘ಒಂದ್ ಗಂಟೆ ತಾನೇ ಅಪ್ಪ, ಏನಾಗುತ್ತೆ’ ಎಂದು ಡಬ್ಬಿಗೆ ಹಾಕಿದೆ. ಅದಕ್ಕೆ ಮುಂಚೆ ವರ್ಷಗಟ್ಟಲೆ ಯಾವ ಯಂತ್ರಕ್ಕೂ ನಾವು ಬೇಕಾಗಿರಲಿಲ್ಲ. ನಿನ್ನನ್ನು ಬೈಯುತ್ತಿಲ್ಲ ಕಣಮ್ಮಾ. ಆವತ್ತು ನಿನ್ನ ಸರದಿ ಬಂದಾಗ ನೀನು ಮಾತು ಬದಲಿಸದೆ, ನನ್ನೆದುರಿಗೆ ಮೊದಲ ಸಲ ಉಗ್ಗಿ ಉಗ್ಗಿ ನಿನ್ನ ಹೆಸರು ಹೇಳಿದೆ. ಎಲ್ಲರೂ ಕಾದರು. ನಾನು ಹೊಟ್ಟೆ ತುಂಬಾ ಸಂತೋಷಪಟ್ಟೆ, ಹೇಳಿರಲಿಲ್ಲ. ನಿನ್ನ ಉಗ್ಗಾಗಲಿ, ನೀನು ನಮ್ಮ ಜೊತೆ ಕೂತದ್ದಾಗಲಿ ನಿನ್ನ ಇಲಾಖೆಗೆ ಗೊತ್ತಿಲ್ಲ. ಗೊತ್ತಾದರೆ ನಿನ್ನ ಕೆಲಸ ಉಳಿಯುತ್ತದೆಯೋ ಇಲ್ಲವೋ ನಾನರಿಯೆ. ಗೊತ್ತಾಗದಿದ್ದರೆ ಬುಧವಾರ ಅವನು ಹೋಗುತ್ತಾನೆ. ಆ ಮೇಡಂ ಕೇಳಿದಾಗ ನಿನ್ನ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಒಂಚೂರೂ ತಡೆಯಿಲ್ಲದೆ. ನನ್ನ ಜನ್ಮದಲ್ಲಿ ನಿನ್ನ ಹೆಸರು ಅಷ್ಟು ಸಲೀಸಾಗಿ ಬಂದದ್ದೇ ಇಲ್ಲ. ನುಂಗಿಕೊಂಡೆ. ಅದನ್ನು ನಾನು ಪೂರ್ತಿ ಮಾಡುವಂತಿಲ್ಲ. ಬುಧವಾರ ಬೆಳಗ್ಗೆ ಆಫೀಸಿನ ಬಾಗಿಲಲ್ಲಿ ನಾವೆಲ್ಲ ನಿಂತಿರುತ್ತೇವೆ. ಬಂದರೆ, ಎಷ್ಟು ಹೊತ್ತು ಹಿಡಿದರೂ ಸರಿ, ಕಾಯುತ್ತೇವೆ.